ಮಿಸ್ಟರ್ ಅರ್ಲಿ ಕೆಲಸ ಬಿಟ್ಟದ್ದು

ಓದಿಸುವುದಷ್ಟೇ ನಿಮ್ಮ ಕೆಲಸ ಎಂದು ಮ್ಯಾನೇಜರ್ ಮೊದಲ ದಿನವೇ ಹೇಳಿದ್ದರು. ಅಳಿಸುವುದು ನನ್ನ ಕೆಲಸವಲ್ಲ. ಯಾವುದನ್ನು ಅಳಿಸಬೇಕು ಎಂದು ತೀರ್ಮಾನಿಸುವುದಂತೂ ಇನ್ನು ಮನುಷ್ಯರ ಕೆಲಸವೇ ಅಲ್ಲ, ಅದಕ್ಕೆ ಕೊಟ್ಟದ್ದನ್ನು ಓದಿ ತಾವೇ ತೀರ್ಮಾನಿಸುವ ಎಐ ಏಜೆಂಟ್‌ಗಳು ಬಂದಿವೆ ಎಂದೂ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಮಗನ ರ‍್ಯಾಂಕ್ ಬಗ್ಗೆ ಹೇಳುವ ತಂದೆಯ ಕಳೆ ಇತ್ತು.

ನಮ್ಮ ಆಫೀಸು ವಿಜಯನಗರದಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದೆ. ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಕಂಪ್ಯೂಟರು, ಡಿಸ್ಕುಗಳನ್ನು ತಾವೇ ನೋಡಿಕೊಳ್ಳಲಾಗದ ಸಣ್ಣ ಸಂಸ್ಥೆಗಳ ಪರವಾಗಿ ನಾವು ನೋಡಿಕೊಳ್ಳುತ್ತೇವೆ. ಅಂಥ ಒಂದು ಸಂಸ್ಥೆ ಬಸವೇಶ್ವರನಗರದ ಶ್ರವಣ ಕ್ಲಿನಿಕ್. ಅವರ ಖಾತೆಯಲ್ಲಿ ಬಳಕೆಯಿಲ್ಲದೆ ಬಿದ್ದಿರುವುದನ್ನು ಹುಡುಕಿ ತೆಗೆದುಹಾಕಿ ಬಿಲ್ಲು ಇಳಿಸಿಕೊಡುತ್ತೇವೆಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಏಜೆಂಟ್‌ಗಳನ್ನು ಕಟ್ಟಿಕೊಡಲು ಹೊರಗಿನಿಂದ ಒಬ್ಬ ಸಲಹೆಗಾರನನ್ನು ಕರೆಸಿದ್ದರು. ಮಹಾಲಕ್ಷ್ಮಿ ಲೇಔಟಿನವನು, ಮನೆಮಾತು ಕನ್ನಡ. ಇದನ್ನು ಈಗಲೇ ಹೇಳಿಡುವುದಕ್ಕೆ ಕಾರಣವಿದೆ.

ಏಜೆಂಟ್‌ಗಳು ನೇರವಾಗಿ ತಮ್ಮ ಖಾತೆಗೆ ಕೈಹಾಕಿ ಹುಡುಕಾಡುವುದು ಬೇಡ ಎಂದು ಕ್ಲಿನಿಕ್ ಹೇಳಿತ್ತು. ಹಾಗಾಗಿ ಖಾತೆಯಲ್ಲಿರುವ ಒಂದೊಂದರ ವಿವರವನ್ನೂ ಫೈಲುಗಳಾಗಿ ಉಳಿಸಿಕೊಂಡು, ಇಂಟರ್ನೆಟ್ ಇಲ್ಲದ ಒಂದು ಕಂಪ್ಯೂಟರಿಗೆ ತುಂಬಿ, ಅಲ್ಲಿ ಏಜೆಂಟ್‌ಗಳಿಗೆ ಓದಲು ಬಿಡುವುದೆಂದಾಯಿತು. ನೆನಪಿಡಬೇಕಾದದ್ದು ಇಷ್ಟು: ನಾವು ಉಳಿಸಿಕೊಳ್ಳುವುದು ಡಿಸ್ಕಿನ ಒಳಗಿರುವುದನ್ನಲ್ಲ, ಡಿಸ್ಕಿನ ಬಗೆಗಿನ ವಿವರವನ್ನು. ಅದರ ಗಾತ್ರ, ಯಾವ ಕಂಪ್ಯೂಟರಿಗೆ ಜೋಡಿಸಿದೆ, ಬ್ಯಾಕಪ್ ಇದೆಯೇ, ಮಾಲೀಕರು ಯಾರು. ಬಾಗಿಲ ಮೇಲಿನ ಚೀಟಿ ಓದಿ ಮನೆಯೊಳಗೇನಿದೆಯೆಂದು ಹೇಳುವ ಕೆಲಸ.

ಮೊದಲ ಸುತ್ತನ್ನು ಸಲಹೆಗಾರ ತಾನೇ ನಡೆಸಿ, ಕೆಲವನ್ನು ಅಳಿಸಿಯೂ ಆಗಿತ್ತು. ಎರಡನೆಯ ಸುತ್ತಿಗೆ ನನ್ನನ್ನು ಸೇರಿಸಿಕೊಂಡರು.

ವಿವರ ಓದುವ ಅನುಮತಿ ಪಡೆಯಲು ನಾನು ಕ್ಲಿನಿಕ್ಕಿಗೆ ಹೋದೆ. ಅದನ್ನು ನಡೆಸುವ ಶ್ರವಣತಜ್ಞೆಯನ್ನು ಎಲ್ಲರೂ ಡಾಕ್ಟ್ರೇ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಅವರ ಎದುರಿನ ಕುರ್ಚಿಯಲ್ಲಿ ಶ್ರೀಗಂಧದ ಕಾವಲ್‌ನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡ ಹೆಂಗಸು ಕೂತಿದ್ದರು. ಜ್ವರವೊಂದರಲ್ಲಿ ಎರಡೂ ಕಿವಿ ಹೋಗಿ, ಒಂದರೊಳಗೆ ಶಸ್ತ್ರಚಿಕಿತ್ಸೆ ಮಾಡಿ ಸಣ್ಣ ತಂತಿ ಇರಿಸಿದ್ದಾರೆ. ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಯಂತ್ರ ಹೊರಗಿನ ಸದ್ದನ್ನು ಆ ತಂತಿಗೆ ದಾಟಿಸುತ್ತದೆ. ಆ ಯಂತ್ರ ಬಕೆಟ್ಟಿನ ನೀರಿಗೆ ಬಿದ್ದು ಕೆಟ್ಟಿತ್ತು. ಹೊಸದು ಗುರುವಾರ ಬರುವುದಿತ್ತು.

"ಡಾಕ್ಟ್ರೇ, ಕಿವಿ ಬಂದ್ಮೇಲೆ ಫೋನ್ ಮಾಡಿ ಅಂದಿದೀನಿ ಗಿರಾಕಿಗಳಿಗೆ!" ಎಂದು ಆಕೆ ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದರು. "ಗುರುವಾರ ಅಂದ್ರೆ ಗುರುವಾರ ತಾನೇ?"

ಡಾಕ್ಟರು ಹೌದೆಂದು ತಲೆಯಾಡಿಸಿ, ಆಕೆ ಹೊರಟ ಮೇಲೆ ನನ್ನ ಕಡೆ ತಿರುಗಿದರು. "ಯಂತ್ರ ಬಂದ್ರೆ ಸಾಕಾಗಲ್ಲ ಮೇಡಂ. ಒಳಗಿನ ತಂತಿಯ ಒಂದೊಂದು ಜಾಗಕ್ಕೂ ಎಷ್ಟು ಕರೆಂಟ್ ಬಿಡ್ಬೇಕು ಅಂತ ಒಂದು ಮ್ಯಾಪ್ ಇರುತ್ತೆ. ವರ್ಷಗಟ್ಟಲೆ ಕೂತು ಹೊಂದಿಸಿದ್ದು. ಈಕೆ ಮ್ಯಾಪ್, ಇನ್ನೂ ಎಷ್ಟೋ ಹಳೇ ಪೇಷಂಟ್‌ಗಳದ್ದು, ಕ್ಲೌಡಲ್ಲಿಟ್ಟಿರೋ ಒಂದು ಹಳೇ ಡಿಸ್ಕಲ್ಲೇ ಇರೋದು. ಇಲ್ಲಿದ್ದ ಕಂಪ್ಯೂಟರ್ ಸತ್ತೋಯ್ತು."

"ಅದು ಇಲ್ಲದಿದ್ರೆ?"

"ಮೊದಲಿಂದ ಶುರು ಮಾಡ್ಬೇಕು. ತಿಂಗಳುಗಟ್ಟಲೆ. ಅಲ್ಲೀವರೆಗೂ ಯಾರು ಏನ್ ಮಾತಾಡಿದ್ರೂ ಡಬ್ಬದಲ್ಲಿ ಕಲ್ಲು ಅಲ್ಲಾಡಿಸ್ದಂಗೆ ಕೇಳುತ್ತೆ. ಅಷ್ಟೊತ್ತಿಗೆ ಅಂಗಡಿ ಇರುತ್ತೋ ಇಲ್ವೋ."

ಹೊಸ ಸಾಫ್ಟ್‌ವೇರ್ ಬಂದ ಮೇಲೆ ಆ ಡಿಸ್ಕನ್ನು ಯಾವ ಕಂಪ್ಯೂಟರಿಗೂ ಜೋಡಿಸಿ ಇಟ್ಟಿರಲಿಲ್ಲ. ಹಳೆಯ ರೋಗಿಯೊಬ್ಬರು ಬಂದಾಗ ಮಾತ್ರ ಜೋಡಿಸಿ, ಬೇಕಾದ್ದು ತೆಗೆದುಕೊಂಡು ಬಿಚ್ಚುವುದು. ವರ್ಷದಲ್ಲಿ ಒಂದೆರಡು ಸಲ. ಇದನ್ನು ನಾನು ಆಫೀಸಿಗೆ ಬಂದು ಹೇಳಿದೆ. "ಕಾಂಟೆಕ್ಸ್ಟ್ ಎಲ್ಲ ಏಜೆಂಟ್ ಡೇಟಾದಿಂದಲೇ ತಗೊಳ್ಳುತ್ತೆ ಮೇಡಂ, ನೀವು ಟೆನ್ಷನ್ ತಗೋಬೇಡಿ" ಎಂದ ಸಲಹೆಗಾರ.

ತುಂಬುವ ಕೆಲಸ ಹೊರಗಿನವರಿಗೆ ಬೇಸರದ್ದು. ಅದರಲ್ಲಿ ಮುಖ್ಯವಾದ ಎರಡು ಸಂಗತಿ ಹೇಳುತ್ತೇನೆ. ಒಂದು, ಕ್ಲೌಡ್ ತನ್ನಲ್ಲಿರುವುದನ್ನೆಲ್ಲ ಒಂದೇ ಸಲಕ್ಕೆ ಹೇಳುವುದಿಲ್ಲ. ಪುಟ ಪುಟವಾಗಿ ಕೊಡುತ್ತದೆ. ಮುಂದಿನ ಪುಟ ಕೇಳದಿದ್ದರೆ ಸುಮ್ಮನಾಗುತ್ತದೆ. ಸಲಹೆಗಾರನ ಪ್ರೋಗ್ರಾಮು ಮೊದಲ ಪುಟಕ್ಕೇ ನಿಂತಿತ್ತು. ಎರಡು, ಯಾವುದನ್ನಾದರೂ ನೋಡಲು ಅನುಮತಿ ಇಲ್ಲದಿದ್ದರೆ ಕ್ಲೌಡ್ "ಅನುಮತಿ ಇಲ್ಲ" ಎನ್ನುತ್ತದೆ. ಅವನ ಪ್ರೋಗ್ರಾಮು ಅದನ್ನು ಖಾಲಿ ಫೈಲಾಗಿ ಉಳಿಸುತ್ತಿತ್ತು. ಅಂದರೆ "ನಿನಗೆ ತೋರಿಸುವುದಿಲ್ಲ" ಎಂಬ ಉತ್ತರ "ಏನೂ ಇಲ್ಲ" ಎಂದಾಗುತ್ತಿತ್ತು. ಬೀಗ ಹಾಕಿದ ಕೋಣೆಯನ್ನು ಖಾಲಿ ಕೋಣೆ ಎಂದು ಬರೆದುಕೊಳ್ಳುವ ಬುದ್ಧಿವಂತಿಕೆ.

ನಾನು ತುಂಬುವ ಕೆಲಸವನ್ನು ಹೊಸದಾಗಿ ಬರೆದೆ. ಎಲ್ಲ ಪುಟಗಳು ಬರುವವರೆಗೆ ಮುಂದಕ್ಕೆ ಹೋಗದು; ಅನುಮತಿ ಇಲ್ಲವೆಂದರೆ ಅಲ್ಲೇ ನಿಂತು ಹೇಳುತ್ತದೆ. ಪ್ರತಿ ಫೈಲನ್ನೂ ಉಳಿಸಿದ ಹೊತ್ತು ಅದರೊಂದಿಗೇ ಇರುತ್ತದೆ. ಈ ಕೊನೆಯದಕ್ಕೆ ಜಗಳವಾಯಿತು. ಬ್ಯಾಕಪ್‌ಗಳ ವಿವರದ ಫೈಲು ಮೊದಲ ಸುತ್ತಿಗಿಂತ ಮುಂಚೆ ಉಳಿಸಿದ್ದು. ಹೊಸದಾಗಿ ತೆಗೆಯೋಣ ಎಂದೆ.

"ಅದೇ ಡೇಟಾ ಅಲ್ವಾ ಮೇಡಂ? ಮತ್ತೆ ಮತ್ತೆ ಯಾಕೆ?" ಎಂದ ಸಲಹೆಗಾರ. "ಏಜೆಂಟ್ ಆ ಫೈಲಿಗೆ ಆಲ್ರೆಡಿ ಟ್ಯೂನ್ ಆಗಿದೆ."

ಫೋಟೋದಲ್ಲಿರುವವರು ಈಗಲೂ ಇದ್ದಾರೋ ಇಲ್ಲವೋ ಫೋಟೋಗೆ ಗೊತ್ತಿರುವುದಿಲ್ಲ ಎಂದು ಹೇಳಿದೆ. ಅವನು ನಕ್ಕು ಮ್ಯಾನೇಜರ್ ಕಡೆ ನೋಡಿದ. ಅವರೂ ನಕ್ಕರು. ಹಳೆಯ ಫೈಲೇ ಉಳಿಯಿತು.

ಏಜೆಂಟ್‌ಗಳು ಮೂರು. ಒಂದು ಹುಡುಕುತ್ತದೆ, ಇನ್ನೊಂದು ಪರಿಶೀಲಿಸುತ್ತದೆ, ಮತ್ತೊಂದು ವರದಿ ಬರೆಯುತ್ತದೆ. ಮೂರೂ ಓದುವುದು ಅದೇ ತುಂಬಿಟ್ಟ ವಿವರವನ್ನು. ಹುಡುಕಿದ್ದು ತಪ್ಪಿದರೆ ಪರಿಶೀಲಿಸುವುದು ಹಿಡಿಯುತ್ತದೆ ಎಂಬುದು ಸಲಹೆಗಾರನ ವಾದ. ನಾನು ಕಂಡದ್ದು ಬೇರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಹೇಳುವುದಕ್ಕೊಂದು, ಕಟ್ಟುವುದಕ್ಕೊಂದು, ಆಮೇಲೆ ಕರುವಿನ ಬಣ್ಣವನ್ನು ವರ್ಣಿಸಿ ಇಂಗ್ಲಿಷಿನಲ್ಲಿ ಬರೆಯುವುದಕ್ಕೊಂದು.

ವರದಿ ಬಂತು. ಅಚ್ಚುಕಟ್ಟಾದ ಇಂಗ್ಲಿಷು, ಎಲ್ಲೂ ತಡವರಿಕೆಯಿಲ್ಲ. ಮೀಟಿಂಗಿನಲ್ಲಿ ಸಲಹೆಗಾರ ಗೋಡೆಯ ಪರದೆಯ ಮೇಲೆ ಓದಿದ. ಅದರ ಸಾರಾಂಶ ಹೀಗೆ: ಯಾವ ಕಂಪ್ಯೂಟರಿಗೂ ಜೋಡಿಸದ ಒಂದು ದೊಡ್ಡ ಡಿಸ್ಕ್ ಇದೆ. ಅದರ ಮಾಲೀಕ ಮಿಸ್ಟರ್ ಅರ್ಲಿ. ಈ ಹೆಸರಿನವರು ಈಗಿನ ಸಿಬ್ಬಂದಿಯಲ್ಲಿ ಇಲ್ಲ, ಹಾಗಾಗಿ ಕೆಲಸ ಬಿಟ್ಟಿರುವ ಸಾಧ್ಯತೆ ಬಹಳ ಹೆಚ್ಚು. ಡಿಸ್ಕಿಗೆ ಬ್ಯಾಕಪ್ ಇರುವುದರಿಂದ ಅಳಿಸಿದರೆ ಅಪಾಯವಿಲ್ಲ. ಪರಿಶೀಲಿಸಲಾಗಿದೆ.

"ಅರ್ಲಿ ಅಂದ್ರೆ ಯಾರಪ್ಪಾ?" ಎಂದರು ಮ್ಯಾನೇಜರ್.

"ಹೋದ್ ಸಲ ನೊಡೋನಾ ಅಂತ ಒಬ್ರು ಬಂದಿದ್ರಲ್ಲ ಸಾರ್, ಹಂಗೇ. ಎಕ್ಸ್ ಎಂಪ್ಲಾಯಿ."

"ನೊಡೋನಾ ಇಟಲಿಯವಳೋ ಏನೋ. ನಮ್ಮಲ್ಲಿಗೆ ಯಾವಾಗ ಬಂದಿದ್ಲು?" ಮ್ಯಾನೇಜರ್ ಹೊಟ್ಟೆ ಕುಲುಕಿಸಿ ನಕ್ಕರು. "ಈ ಅರ್ಲಿನೂ ಅಷ್ಟೇ. ಬೆಳಗ್ಗೆ ಬೇಗ ಬಂದು ಬೇಗ ಹೋಗಿರ್ತಾನೆ."

ನಾನು ಬ್ಯಾಕಪ್ ಫೈಲಿನ ಹಳೆಯ ದಿನಾಂಕವನ್ನು ಮತ್ತೆ ಎತ್ತಿದೆ. ಇದು ಡಾಕ್ಟರು ಹೇಳಿದ ಡಿಸ್ಕೇ ಇರಬಹುದು ಎಂದೂ ಹೇಳಿದೆ. ನನ್ನ ಮುಂದಿದ್ದ ಲ್ಯಾಪ್‌ಟಾಪಿನಲ್ಲಿ ವರದಿಯಲ್ಲ, ನಾನು ತುಂಬಿದ್ದ ಮೂಲ ವಿವರ ತೆರೆದಿತ್ತು. ಅದರಲ್ಲಿ ಮಿಸ್ಟರ್ ಇರಲಿಲ್ಲ, ದೊಡ್ಡಕ್ಷರವೂ ಇರಲಿಲ್ಲ. ಮಾಲೀಕ ಎಂಬಲ್ಲಿ ನಾಲ್ಕು ಸಣ್ಣ ಇಂಗ್ಲಿಷ್ ಅಕ್ಷರ. ಐ, ಆರ್, ಎಲ್, ಐ. ಸಲಹೆಗಾರ ಇಂಗ್ಲಿಷ್ ಧಾಟಿಯಲ್ಲಿ ಅರ್ಲಿ ಎಂದು ಓದಿದ್ದು ಇದನ್ನೇ.

ಮ್ಯಾನೇಜರ್ ಕೈ ಬೀಸಿ ಹೇಳಿದರು: "ಇರ್ಲಿ ಬಿಡಿ ಮೇಡಂ."

ಆ ಅಕ್ಷರಗಳ ಮೇಲೆ ನನ್ನ ಕಣ್ಣಿತ್ತು. ಅವರ ಮಾತು ಕಿವಿಗೆ ಬಿದ್ದದ್ದೂ, ಪರದೆಯ ಮೇಲಿನ ಪದ ಬಾಯಿ ತೆರೆದದ್ದೂ ಒಟ್ಟಿಗೇ ಆಯಿತು.

"ಸಾರ್, ಇದು ಹೆಸರಲ್ಲ. ಇದು ಇರ್ಲಿ."

"ಅದನ್ನೇ ಅಲ್ವಾ ನಾನೂ ಹೇಳ್ತಿರೋದು? ಇರ್ಲಿ."

"ಅಲ್ಲ ಸಾರ್. ಡಿಸ್ಕ್ ಮೇಲೆ ಬರೆದಿರೋದು ಇರ್ಲಿ ಅಂತ. ಕನ್ನಡ. ಇದನ್ನ ತೆಗೀಬೇಡಿ, ಇರ್ಲಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಚಿಕೆಯಾಯಿತೇನೋ ಎಂದುಕೊಂಡೆ. ಹಾಗೇನೂ ಇರಲಿಲ್ಲ. ಸಲಹೆಗಾರ ಪರದೆಯನ್ನು ನೋಡಿ, "ಇಂಟರೆಸ್ಟಿಂಗ್" ಎಂದ. "ಆದ್ರೆ ಮೇಡಂ, ಒಂದು ಪದಕ್ಕೋಸ್ಕರ ಪ್ಲಾನ್ ನಿಲ್ಸೋಕಾಗಲ್ಲ. ವೆರಿಫೈ ಆಗಿದೆ. ಅಲ್ದೆ ಬ್ಯಾಕಪ್ ಇದೆಯಲ್ಲ, ಯಾವಾಗ ಬೇಕಾದ್ರೂ ವಾಪಸ್ ತರಬಹುದು."

ಅಳಿಸುವುದು ಊಟವಾದ ಮೇಲೆ ಎಂದು ನಿಗದಿಯಾಗಿತ್ತು. ಅದು ಹಾಗೆಯೇ ಉಳಿಯಿತು.

ಅರ್ಲಿ ಎಂಬುದು ಇರ್ಲಿಯಾದರೆ ನೊಡೋನಾ ಯಾರು ಎಂದು ಯೋಚಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನೋಡೋಣ. ಮೊದಲ ಸುತ್ತಿನಲ್ಲಿ "ಕೆಲಸ ಬಿಟ್ಟ ನೊಡೋನಾ" ಅವರದೆಂದು ಅಳಿಸಿದ್ದೇನು? ನನಗಿದ್ದ ಓದುವ ಅನುಮತಿಯಿಂದ ಕ್ಲಿನಿಕ್ಕಿನ ಖಾತೆಯನ್ನು ನೇರವಾಗಿ ತೆರೆದು, ಈ ಡಿಸ್ಕಿನ ಬ್ಯಾಕಪ್ ಹುಡುಕಿದೆ. ಇರಲಿಲ್ಲ. ಎಲ್ಲ ಪುಟಗಳನ್ನೂ ನೋಡಿದೆ. ಇರಲಿಲ್ಲ. ಹಳೆಯ ಫೈಲಿನಲ್ಲಿ ಮಾತ್ರ ಇತ್ತು. ಅಲ್ಲಿ ಅದರ ಮಾಲೀಕನ ಹೆಸರು ನೋಡೋಣ ಎಂದೇ ಇತ್ತು.

ಅಂದರೆ ತಾನೇ ಹೋದ ಸಲ ಅಳಿಸಿದ ಬ್ಯಾಕಪ್ಪನ್ನು ನಂಬಿಕೊಂಡು ಏಜೆಂಟ್ ಈ ಸಲ ಡಿಸ್ಕನ್ನೂ ಅಳಿಸಲು ಹೊರಟಿತ್ತು.

ಸಲಹೆಗಾರನಿಗೆ ಹೇಳಿದೆ. ಅವನು ನನ್ನ ಲ್ಯಾಪ್‌ಟಾಪಿನ ಕಡೆ ತಿರುಗಲಿಲ್ಲ. ಏಜೆಂಟನ್ನೇ ಕೇಳಿದ. ಅದು ಅದೇ ಹಳೆಯ ಫೈಲನ್ನು ಓದಿ, ಬ್ಯಾಕಪ್ ಇದೆ, ಕಾಳಜಿಯಿಂದ ಕೇಳಿದ್ದಕ್ಕೆ ಧನ್ಯವಾದ ಎಂದಿತು.

"ನೋಡಿ ಮೇಡಂ, ಇದೆ ಅಂತಿದೆ."

ಬೆಂಕಿ ಬಿದ್ದ ಮನೆಯವನಿಗೆ ಮನೆಯ ನಕ್ಷೆ ತೋರಿಸಿ ಏನೂ ಆಗಿಲ್ಲ ಎನ್ನುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮ್ಯಾನೇಜರ್ ಕೋಣೆಗೆ ಹೋದೆ. ಅವರು ಡಬ್ಬಿ ತೆರೆದು ಚಿತ್ರಾನ್ನಕ್ಕೆ ಕೈ ಹಾಕಿದ್ದರು. ನಾನು ಹೇಳುತ್ತಾ ಹೋದೆ, ಅವರು ಕಡಲೆಬೀಜ ಆರಿಸುತ್ತಾ ಕೇಳಿದರು. ಕೊನೆಗೆ ಹೇಳಿದ್ದು ಒಂದೇ ಮಾತು: "ಊಟ ಆಗ್ಲಿ ಮೇಡಂ. ನೋಡೋಣ."

ನಾನು ಮೆಟ್ಟಿಲಿನ ಬಳಿ ನಿಂತು, ಮೊದಲು ಕ್ಲಿನಿಕ್ಕಿನ ಖಾತೆ ನೋಡಿಕೊಳ್ಳುತ್ತಿದ್ದು ಈಗ ಕೆಲಸ ಬಿಟ್ಟು ಹೋಗಿರುವ ನಮ್ಮ ಹಳೆಯ ಇಂಜಿನಿಯರಿಗೆ ಫೋನ್ ಮಾಡಿದೆ. ಈಗ ಕೆಂಗೇರಿಯ ಕಡೆ ಬೇರೊಂದು ಕಂಪನಿಯಲ್ಲಿದ್ದಾನೆ. ಊಹೆಯ ಮೇಲೆ ಏನನ್ನೂ ಮಾಡಲು ನನಗೆ ಮನಸ್ಸಿರಲಿಲ್ಲ. ಊಹೆ ಆ ದಿನ ಬೇಕಾದಷ್ಟಾಗಿತ್ತು.

"ಮಾಲೀಕರ ಜಾಗದಲ್ಲಿ ಇರ್ಲಿ ಅಂತ ಹಾಕಿದ್ದು ನೀವಾ?"

"ಅಯ್ಯೋ, ಇನ್ನೂ ಐತಾ ಅದು? ಓನರ್ ಹೆಸರು ಹಾಕ್ದೆ ಇದ್ರೆ ಮುಂದಕ್ಕೇ ಬಿಡ್ತಿರ್ಲಿಲ್ಲ ಮೇಡಂ. ಕ್ಲಿನಿಕ್‌ನವರ ಹಳೇ ಡಿಸ್ಕ್ ಏನ್ಮಾಡ್ಲಿ ಸಾರ್ ಅಂದೆ. ಇರ್ಲಿ ಅಂದ್ರು. ಇರ್ಲಿ ಅಂತ ಹಾಕ್ದೆ."

"ನೋಡೋಣ?"

"ಅದಕ್ಕೊಂದು ಬ್ಯಾಕಪ್ ಇಡ್ಲಾ ಸಾರ್ ಅಂದೆ. ನೋಡೋಣ ಅಂದ್ರು. ನೋಡೋದೇನು ಅಂತ ನಾನೇ ಇಟ್ಟು, ಅವರಂದಿದ್ದನ್ನೇ ಹಾಕ್ದೆ." ನಕ್ಕ. "ಯಾಕ್ ಮೇಡಂ, ಏನಾಯ್ತು?"

"ಯಾವ ಸಾರ್ ಅಂದಿದ್ದು?"

"ನಮ್ ಸಾರೇ. ಇನ್ಯಾರು?"

ಅಲ್ಲಿಗೆ ಸಿಬ್ಬಂದಿಯ ಲೆಕ್ಕ ಸರಿಹೋಯಿತು. ಮಿಸ್ಟರ್ ಅರ್ಲಿ ಕೆಲಸ ಬಿಟ್ಟಿರಲಿಲ್ಲ. ಒಳಗೆ ಚಿತ್ರಾನ್ನ ತಿನ್ನುತ್ತಿದ್ದರು.

ಮ್ಯಾನೇಜರ್ ಹೇಳದೆ ಗ್ರಾಹಕರೊಂದಿಗೆ ನೇರವಾಗಿ ಮಾತಾಡಬಾರದೆಂಬುದು ನಮ್ಮ ಆಫೀಸಿನ ಕಟ್ಟಪ್ಪಣೆ. ಹಿಂದೆ ಒಬ್ಬರು ಅದಕ್ಕಾಗಿಯೇ ಮನೆಗೆ ಹೋದರು. ನಾನು ಮೆಟ್ಟಿಲಿನ ಬಳಿ ಸ್ವಲ್ಪ ಹೊತ್ತು ನಿಂತೆ. ಕೆಳಗಿನ ಅಂಗಡಿಯಲ್ಲಿ ಯಾರೋ ಸೀರೆಯೊಂದಕ್ಕೆ ಹೊಂದುವ ಬ್ಲೌಸ್ ಪೀಸು ಕೇಳುತ್ತಿದ್ದರು. ಡಾಕ್ಟರ ನಂಬರ್ ಒತ್ತಿದೆ.

"ಡಾಕ್ಟ್ರೇ, ಕಂಪ್ಯೂಟರ್ ಮುಂದೆ ಇದೀರಾ?"

"ಪೇಷಂಟ್ ಇದಾರೆ ಮೇಡಂ. ಹತ್ತು ನಿಮಿಷ ಬಿಟ್ಟು ಮಾಡ್ಲಾ?"

"ಬೇಡ. ಈಗಲೇ. ನಿಮ್ಮ ಖಾತೆಯಲ್ಲಿ ಅಳಿಸೋ ಅಧಿಕಾರ ನಮಗೆ ಕೊಟ್ಟಿದೀರಿ. ಅದನ್ನ ವಾಪಸ್ ತಗೊಳ್ಳಿ. ಯಾಕೆ ಅಂತ ಆಮೇಲೆ ಹೇಳ್ತೀನಿ."

ಅತ್ತ ಕಡೆ ಕುರ್ಚಿ ಸರಿದ ಸದ್ದು. "ನನ್ನ ಡಿಸ್ಕಾ?"

"ಹೂಂ."

ನಾನು ಒಂದೊಂದೇ ಹೆಜ್ಜೆ ಹೇಳಿದೆ: ಎಡಗಡೆಯ ಮೆನು, ಅನುಮತಿಗಳು, ನಮ್ಮ ಕಂಪನಿಯ ಹೆಸರಿನ ಸಾಲು. ಆಕೆ ಒಂದೊಂದನ್ನೂ ನನಗೆ ತಿರುಗಿ ಓದಿ ಹೇಳಿ ಒತ್ತಿದರು. ಸಾಲು ಎರಡಿತ್ತು, ಓದುವುದಕ್ಕೊಂದು, ಅಳಿಸುವುದಕ್ಕೊಂದು. ಯಾವುದು ಎಂದು ಆಕೆ ಕೇಳಿದರು. ಎರಡನೆಯದು ಎಂದೆ. ಖಚಿತವೇ ಎಂದು ಪರದೆ ಕೇಳುತ್ತಿದೆ ಎಂದರು. ಖಚಿತವಾಗಿ ಎಂದೆ.

"ಹೋಯ್ತು" ಎಂದರು ಡಾಕ್ಟರು. ಯಾವುದು ಹೋಯಿತು ಎಂದು ನಾನು ಕೇಳಿ ತಿಳಿದುಕೊಂಡ ಮೇಲೆಯೇ ಫೋನ್ ಇಟ್ಟೆ.

ಒಳಗೆ ಬಂದಾಗ ಸಲಹೆಗಾರ ಅಳಿಸುವ ಕೆಲಸಕ್ಕೆ ಚಾಲನೆ ಕೊಟ್ಟಾಗಿತ್ತು. ಮ್ಯಾನೇಜರ್ ಕೈ ತೊಳೆದುಕೊಂಡು ಪರದೆಯ ಮುಂದೆ ನಿಂತಿದ್ದರು. ನಾನು ಹಿಂದೆ ನಿಂತೆ. ಕೆಲಸ ಮುಗಿದಿದೆ ಎಂದು ವರದಿ ಬರೆಯುವ ಏಜೆಂಟ್ ತಿಳಿಸಿತು: ಬಾಕಿ ಏನೂ ಉಳಿದಿಲ್ಲ, ಯಾವ ಅಡಚಣೆಯೂ ಆಗಲಿಲ್ಲ, ಅಭಿನಂದನೆಗಳು.

ಮ್ಯಾನೇಜರ್ ಸಲಹೆಗಾರನ ಕೈ ಕುಲುಕಿದರು. "ಸೂಪರ್ ಗುರು!"

ನನ್ನ ಜಾಗಕ್ಕೆ ಹೋಗಿ ಖಾತೆಯನ್ನು ನೇರವಾಗಿ ತೆರೆದೆ. ಡಿಸ್ಕ್ ಅಲ್ಲೇ ಇತ್ತು. ಅದರ ಮಾಲೀಕನೂ ಅಲ್ಲೇ ಇದ್ದ, ಸಣ್ಣ ಅಕ್ಷರದಲ್ಲಿ. ಕ್ಲೌಡ್ ಅನುಮತಿ ಇಲ್ಲ ಎಂದು ಹೇಳಿತ್ತು. ಸಲಹೆಗಾರನ ಅಳಿಸುವ ಪ್ರೋಗ್ರಾಮು ಎಂದಿನಂತೆ ಅದನ್ನು ಖಾಲಿ ಎಂದು ಬರೆದುಕೊಂಡಿತ್ತು. ಖಾಲಿಯನ್ನು ಕಂಡ ಏಜೆಂಟ್ ಎಲ್ಲ ಅಳಿಸಿ ಮುಗಿಯಿತೆಂದು ಸಂಭ್ರಮಿಸಿತ್ತು. ಅವರವರ ಲೋಕದಲ್ಲಿ ಎಲ್ಲರೂ ಸುಖವಾಗಿದ್ದರು. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ.

ಸಂಜೆಯ ಹೊತ್ತಿಗೆ ಡಾಕ್ಟರು ಮ್ಯಾನೇಜರಿಗೆ ಫೋನ್ ಮಾಡಿದ್ದರು. ಮ್ಯಾನೇಜರ್ ನನ್ನನ್ನು ಕರೆದು, ತಮ್ಮನ್ನು ಕೇಳದೆ ಯಾಕೆ ಮಾಡಿದಿರಿ ಎಂದರು. ಕೇಳಿದ್ದೆ, ನೋಡೋಣ ಅಂದಿರಿ ಎಂದೆ. ಹಳೆಯ ಇಂಜಿನಿಯರ್ ಹೇಳಿದ್ದನ್ನೂ ಹೇಳಿದೆ. ಅವರು ತಮ್ಮ ಬೆರಳನ್ನು ನೋಡಿಕೊಂಡರು. "ನಾನು ಎಷ್ಟೋ ಸಲ ಇರ್ಲಿ ಅಂತೀನಿ. ಅದನ್ನ ಬರ್ಕೊಂಡ್ರೆ ಹೆಂಗೆ?" ಎಂದರು. ಆ ಮಾತಿನಲ್ಲಿ ತಪ್ಪೆಲ್ಲ ಬರೆದುಕೊಂಡವನದಾಗಿತ್ತು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಕ್ಲಿನಿಕ್ಕಿಗೆ ಕಾರಣ ಹೇಳಬೇಕಾಗುತ್ತಿತ್ತು. ನಮ್ಮ ಏಜೆಂಟ್‌ಗಳು ಹಳೆಯ ರೋಗಿಗಳ ದಾಖಲೆಗಿದ್ದ ಗಂಭೀರ ಅಪಾಯವನ್ನು ಸಕಾಲದಲ್ಲಿ ಪತ್ತೆಹಚ್ಚಿದವು ಎಂದು ಆ ವಾರವೇ ಒಂದು ಟಿಪ್ಪಣಿ ಎಲ್ಲ ಗ್ರಾಹಕರಿಗೂ ಹೋಯಿತು. ಅದನ್ನು ಬರೆದದ್ದೂ ಏಜೆಂಟೇ. ಸಲಹೆಗಾರ ಈಗ ಹೆಸರುಗಳನ್ನು ಗುರುತಿಸುವ ನಾಲ್ಕನೆಯ ಏಜೆಂಟನ್ನು ಕಟ್ಟುತ್ತಿದ್ದಾನೆ. ಕನ್ನಡ ಬರುವ ಮೂರು ಜನ ಕೂತಿದ್ದ ಕೋಣೆಯಲ್ಲಿ ಒಂದು ಕನ್ನಡ ಪದವನ್ನು ಓದುವುದಕ್ಕೆ.

ಗುರುವಾರ ನಾನು ಕ್ಲಿನಿಕ್ಕಿಗೆ ಹೋದೆ. ಡಿಸ್ಕನ್ನು ಜೋಡಿಸಿ, ಮೊದಲು ಅದಕ್ಕೊಂದು ಬ್ಯಾಕಪ್ ಇಟ್ಟು, ಅದು ಸರಿಯಾಗಿ ತೆರೆಯುವುದನ್ನು ನೋಡಿ, ಆಮೇಲೆ ಹಳೆಯ ಮ್ಯಾಪನ್ನು ಡಾಕ್ಟರಿಗೆ ತೆಗೆದುಕೊಟ್ಟೆ. ಎರಡರ ಮಾಲೀಕರ ಜಾಗದಲ್ಲೂ ಡಾಕ್ಟರ ಪೂರ್ತಿ ಹೆಸರು ಹಾಕಿದೆ. ಹೊಲಿಯುವ ಹೆಂಗಸು ಕುರ್ಚಿಯ ತುದಿಯಲ್ಲಿ ಕೂತಿದ್ದರು, ಸೆರಗಿಗೆ ಸಿಕ್ಕಿಸಿದ್ದ ಗುಂಡುಪಿನ್ನನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ. ಡಾಕ್ಟರು ಹೊಸ ಯಂತ್ರವನ್ನು ಅವರ ಕಿವಿಯ ಹಿಂದೆ ಸಿಕ್ಕಿಸಿ, ಮ್ಯಾಪ್ ತುಂಬಿ, ಬಾಯಿಗೆ ರಟ್ಟು ಅಡ್ಡ ಹಿಡಿದು ತುಟಿ ಕಾಣದಂತೆ ಮಾತಾಡಿದರು.

"ಕೇಳಿಸ್ತಾ ಇದೆಯಾ?"

ಆಕೆ ತಟ್ಟನೆ ತಲೆಯೆತ್ತಿದರು. ಹೊರಗಿನ ರಸ್ತೆಯಲ್ಲಿ ಹೋದ ಆಟೋದ ಕಡೆಗೆ ತಿರುಗಿ, ಮತ್ತೆ ಇತ್ತ ತಿರುಗಿದರು. ಈ ಸಲ ಅವರ ದನಿ ಕೋಣೆಗೆ ಸಾಕಾಗುವಷ್ಟೇ ಇತ್ತು.

"ಕೇಳಿಸ್ತಿದೆ ಡಾಕ್ಟ್ರೇ. ಸ್ವಲ್ಪ ಜೋರು."

"ಕಮ್ಮಿ ಮಾಡ್ಲಾ?"

"ಬೇಡ ಬೇಡ," ಎಂದು ಆಕೆ ಕಿವಿಯ ಮೇಲೆ ಕೈ ಮುಚ್ಚಿ ಹಿಡಿದರು. "ಇರ್ಲಿ."